ವಸೂಲಿ

ನಮ್ಮ ಕಡೆ ಯಾವುದಕ್ಕೇ ಹೋಗಲಿ, ಕೊಟ್ಟ ದುಡ್ಡು ವಸೂಲಾಗಬೇಕು. ಸಿನಿಮಾ ಚೆನ್ನಾಗಿಲ್ಲದಿದ್ದರೂ ಕೊನೆಯವರೆಗೆ ಕೂತಿರುತ್ತೀವಿ. ಮದುವೆಯಲ್ಲಿ ಐನೂರು ಮುಯ್ಯಿ ಹಾಕಿದ್ದರೆ ಎರಡನೇ ಸಲ ಹೋಳಿಗೆ ಹಾಕಿಸಿಕೊಳ್ಳದೆ ಎಲೆ ಬಿಟ್ಟು ಏಳುವುದಿಲ್ಲ. ನಾನು ಬಿ.ಇ. ಮುಗಿಸಿ ಬೆಂಗಳೂರಿಗೆ ಬಂದು ಹದಿಮೂರು ವರ್ಷವಾಯ್ತು, ಈ ಬುದ್ಧಿ ಮಾತ್ರ ಹೋಗಿಲ್ಲ. ಸಂಬಳ ಶುರುವಾದ ಮೇಲೆ ಅದಕ್ಕೊಂದು ಎಕ್ಸೆಲ್ ಶೀಟ್ ಸೇರಿಕೊಂಡಿದೆ, ಅಷ್ಟೇ.

2023ರ ಆಗಸ್ಟ್‌ನಲ್ಲಿ ಹದಿನೈದನೇ ತಾರೀಖು ಮಂಗಳವಾರ ಬಿದ್ದಿತ್ತು. ಸೋಮವಾರ ಒಂದು ರಜೆ ಹಾಕಿದರೆ ಒಟ್ಟು ನಾಲ್ಕು ದಿನ. ಅಪ್ಪ ಕಣ್ಣು ತೋರಿಸಿಕೊಳ್ಳೋಕೆ ಅಂತ ಮೂಡಲಪಾಳ್ಯದ ನಮ್ಮ ಬಾಡಿಗೆ ಮನೆಗೆ ಬಂದಿದ್ದರು. (ಊರಲ್ಲಿ ಅವರು ಎಲ್ಲರಿಗೂ ‘ನನ್ ಮಗ ಮೂಡಲಪಾಯದಲ್ಲವ್ನೆ’ ಅಂತಲೇ ಹೇಳೋದು. ನಮ್ಮ ಕಡೆ ಮೂಡಲಪಾಯ ಅಂದರೆ ಬಯಲಾಟ. ನಾನು ಇಂಜಿನಿಯರ್ರೋ ವೇಷಗಾರನೋ ಅಂತ ಕೆಲವರಿಗೆ ಇವತ್ತಿಗೂ ಅನುಮಾನ. ಬೆಂಗಳೂರಿನ ಪಡುವಣ ದಿಕ್ಕಿನಲ್ಲಿರೋ ಜಾಗಕ್ಕೆ ‘ಮೂಡಲ’ ಅಂತ ಹೆಸರು ಯಾಕೆ ಅನ್ನೋದು ಅವರ ಇನ್ನೊಂದು ಪ್ರಶ್ನೆ.) ಅಪ್ಪನನ್ನ ಊರಿಗೆ ಬಿಡೋಕೆ ಹೇಗೂ ಮದ್ದೂರಿನವರೆಗೆ ಹೋಗಬೇಕು. ಹಾಗೇ ಇನ್ನೊಂದಿಷ್ಟು ದೂರ ಹೋಗಿ ಕೆಆರ್‌ಎಸ್ ತೋರಿಸಿಕೊಂಡು, ವಾಪಸ್ ಬರುವಾಗ ಊರಲ್ಲಿ ಇಳಿಸೋಣ ಅಂತ ಪ್ಲಾನ್ ಮಾಡಿದೆ. ಕೇಳಿದ ತಕ್ಷಣ ಅಪ್ಪ ಒಪ್ಪಿಕೊಂಡರು. ಟ್ರಿಪ್ಪು ಅಂದರೆ ಯಾವಾಗಲೂ ‘ದನ ನೋಡೋರ್ಯಾರು’ ಅನ್ನುತ್ತಿದ್ದವರು ಅವತ್ತು ಏನೂ ಅನ್ನಲಿಲ್ಲ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ಶೀಟು ಹೀಗಿತ್ತು. ಬೆಳಗ್ಗೆ ಆರಕ್ಕೆ ನಾಯಂಡಹಳ್ಳಿ ದಾಟಬೇಕು. ಎಂಟಕ್ಕೆ ತಿಂಡಿ. ಆಮೇಲೆ ಶ್ರೀರಂಗಪಟ್ಟಣದ ದೇವಸ್ಥಾನ, ದರಿಯಾ ದೌಲತ್, ರಂಗನತಿಟ್ಟಿನ ದೋಣಿ, ಬಲಮುರಿ, ಸಂಜೆಗೆ ಬೃಂದಾವನ, ಕಾರಂಜಿ. ಪ್ರತಿಯೊಂದರ ಪಕ್ಕದಲ್ಲೂ ನಿಮಿಷ ಬರೆದಿದ್ದೆ. ಹೆಂಡತಿ ನೋಡಿ ‘ಇದರಲ್ಲಿ ಬಾತ್‌ರೂಮ್ ಬ್ರೇಕ್ ಎಲ್ಲಿದೆ?’ ಅಂದಳು. ಅದನ್ನೂ ಸೇರಿಸಿದೆ.

ಸಂಜೆ ನಾಲ್ಕೂವರೆಗೆ ಬೃಂದಾವನ ತಲುಪಿದಾಗ ಶೀಟಿಗಿಂತ ಹತ್ತು ನಿಮಿಷ ಮುಂದಿದ್ದೆವು. ನನಗೆ ಒಳಗೊಳಗೇ ಖುಷಿ. ಮಗಳು ಮೆಟ್ಟಿಲ ಮೇಲಿಂದ ಹರಿಯೋ ನೀರಿಗೆ ಕೈ ಹಾಕಿಕೊಂಡು ಕೂತಿದ್ದಳು. ಅಪ್ಪ ತಲೆ ಎತ್ತಿ ಕಟ್ಟೆಯನ್ನೇ ನೋಡುತ್ತಾ ನಿಂತಿದ್ದರು.

‘ಮೇಲಕ್ಕೆ ಬುಡಲ್ವಾ ಈಗ?’

‘ಇಲ್ಲ ಅಪ್ಪ, ಸೆಕ್ಯುರಿಟಿ. ಬಿಡೋದು ನಿಲ್ಲಿಸಿ ಎಷ್ಟೋ ವರ್ಷ ಆಯ್ತು.’

‘ಆಗ ನಿಮ್ ತಾತನ್ ಜೊತೆ ಬಂದಾಗ ಮೇಲೇ ಓಡಾಡಿದ್ವು.’ ಸ್ವಲ್ಪ ಹೊತ್ತು ಬಿಟ್ಟು, ‘ಇಲ್ಲಿಂದ ನೀರು ಕಾಣಂಗಿಲ್ವಲ್ಲ ಮಗ. ಕಟ್ಟೆ ಆ ಕಡೀಕೆ ಹೋಗಕಾಯ್ತದಾ?’

ನಾನು ಫೋನಿನಲ್ಲಿ ನೋಡಿದೆ. ಹಿನ್ನೀರು ನೋಡಬೇಕು ಅಂದರೆ ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನದ ಕಡೆಗೆ ಬಳಸಿಕೊಂಡು ಹೋಗಬೇಕು. ಹೋಗಿ ಬರೋ ಹೊತ್ತಿಗೆ ಕಾರಂಜಿಯ ಹತ್ತಿರ ಕೂರೋಕೆ ಜಾಗ ಇರುವುದಿಲ್ಲ. ರಜೆಯ ಜನಜಂಗುಳಿ ಬೇರೆ.

‘ಈಗ ಹೋದ್ರೆ ಫೌಂಟೇನ್ ಮಿಸ್ ಆಗುತ್ತೆ ಅಪ್ಪ. ನೀರಲ್ಲಿ ಏನ್ ನೋಡ್ತೀಯಾ, ನೀರು ನೀರೇ ತಾನೇ?’

‘ಸರಿ ಬುಡು.’

ಅಷ್ಟೇ ನಡೆದದ್ದು. ಕಾರಂಜಿ ನೋಡಿದೆವು, ವಿಡಿಯೋ ಮಾಡಿದೆವು, ರಾತ್ರಿ ಹತ್ತೂವರೆಗೆ ಅಪ್ಪನನ್ನ ಊರಲ್ಲಿ ಇಳಿಸಿ, ಅಮ್ಮ ಕೊಟ್ಟ ತೆಂಗಿನಕಾಯಿ ಡಿಕ್ಕಿಗೆ ತುಂಬಿಕೊಂಡು ಬೆಂಗಳೂರಿಗೆ ಬಂದೆವು. ಶೀಟಿನಲ್ಲಿದ್ದ ಆರಕ್ಕೆ ಆರೂ ಆಗಿತ್ತು. ಪೂರ್ತಿ ವಸೂಲಿ.

ಕೆಆರ್‌ಎಸ್ ಬಗ್ಗೆ ಒಂದು ವಿಚಿತ್ರ ಹೇಳುತ್ತೇನೆ. ನೀವೂ ಹೋಗಿರುತ್ತೀರಿ, ಆದರೆ ಗಮನಿಸಿರಲಿಕ್ಕಿಲ್ಲ, ನಾನಂತೂ ಗಮನಿಸಿರಲಿಲ್ಲ. ಬೃಂದಾವನ ಇರುವುದು ಅಣೆಕಟ್ಟೆಯ ಬುಡದಲ್ಲಿ. ಕಣ್ಣೆದುರಿಗೆ ಸುಮಾರು 8,600 ಅಡಿ ಉದ್ದದ, 130 ಅಡಿ ಎತ್ತರದ ಕಲ್ಲಿನ ಗೋಡೆ. ಆ ಗೋಡೆಯ ಆಚೆ 49 ಟಿಎಂಸಿ ನೀರು ಹಿಡಿಯೋ ಜಲಾಶಯ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಬಂದು ಸೇರೋದು ಅಲ್ಲಿ. ಆದರೆ ತೋಟದಲ್ಲಿ ನಿಂತವರಿಗೆ ಅದು ಕಾಣುವುದಿಲ್ಲ. ಟಿಕೆಟ್ ತಗೊಂಡು ಒಳಗೆ ಹೋಗೋ ಅಷ್ಟೂ ಜನ ‘ಕೆಆರ್‌ಎಸ್ ನೋಡ್ಕೊಂಡು ಬಂದ್ವಿ’ ಅನ್ನುತ್ತಾರೆ. ನಾವು ನೋಡಿರೋದು ಕೆಆರ್‌ಎಸ್‌ನ ಬೆನ್ನು.

ನಮ್ಮ ಕಡೆಯ ಹಳಬರು ಇವತ್ತಿಗೂ ಕೆಆರ್‌ಎಸ್ ಅನ್ನುವುದಿಲ್ಲ, ಕನ್ನಂಬಾಡಿ ಕಟ್ಟೆ ಅನ್ನುತ್ತಾರೆ. ಕಾಗದದ ಮೇಲೆ ಅದು ಮಹಾರಾಜರ ಹೆಸರಿನ ಕೃಷ್ಣರಾಜಸಾಗರ. ಬಾಯಲ್ಲಿ ಮಾತ್ರ ಅದರಲ್ಲಿ ಮುಳುಗಿದ ಊರಿನ ಹೆಸರು. 1911ರಲ್ಲಿ ಕೆಲಸ ಶುರುವಾಯ್ತು, ಆಗ ಚೀಫ್ ಇಂಜಿನಿಯರ್ ವಿಶ್ವೇಶ್ವರಯ್ಯನವರು. ಪೂರ್ತಿ ಮುಗಿಯೋಕೆ ಇಪ್ಪತ್ತು ವರ್ಷ ಹಿಡಿಯಿತು. ಸಿಮೆಂಟ್ ಬದಲು ಇಟ್ಟಿಗೆ ಪುಡಿ ಮತ್ತು ಸುಣ್ಣ ಕಲಸಿದ ಸುರ್ಕಿ ಗಾರೆಯಲ್ಲಿ ಕಟ್ಟಿದ್ದು ಅಂತ ನಾವೆಲ್ಲ ಸ್ಕೂಲಿನಲ್ಲಿ ಓದಿದ್ದೇವೆ, ಹೆಮ್ಮೆಯಿಂದ ಹೇಳುತ್ತೇವೆ. ಕನ್ನಂಬಾಡಿಯೂ ಸೇರಿ ಹಲವು ಹಳ್ಳಿಗಳು ಗಂಟು ಮೂಟೆ ಕಟ್ಟಿದ್ದು ಮಾತ್ರ ಪರೀಕ್ಷೆಗೆ ಬರುತ್ತಿರಲಿಲ್ಲ.

ಇನ್ನೊಂದು ವಿಷಯ ಮಂಡ್ಯದವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ನಮ್ಮ ಮನೆಯಲ್ಲಿ ಬೆಳಗ್ಗೆ ಪೇಪರ್ ಬಂದರೆ ಅಪ್ಪ ಮೊದಲು ನೋಡೋದು ಒಂದು ಮೂಲೆಯ ಚಿಕ್ಕ ಪಟ್ಟಿ: ಇಂದಿನ ಮಟ್ಟ, ಒಳಹರಿವು, ಹೊರಹರಿವು. 124.80 ಅಡಿ ಅನ್ನೋ ಸಂಖ್ಯೆ ನನಗೆ ಮಗ್ಗಿಗಿಂತ ಮುಂಚೆ ಬಾಯಿಪಾಠ ಆಗಿತ್ತು. ಅದು ಕಟ್ಟೆ ಪೂರ್ತಿ ತುಂಬಿದಾಗಿನ ಮಟ್ಟ. ಬೇರೆಯವರ ಮನೆಯಲ್ಲಿ ಸಚಿನ್ ಸ್ಕೋರ್ ಕೇಳೋ ಹಾಗೆ ನಮ್ಮಲ್ಲಿ ‘ಎಷ್ಟಡಿ ಅದೆ?’ ಅಂತ ಕೇಳುತ್ತಿದ್ದರು. ನಮ್ಮ ಗದ್ದೆ ಇರುವುದು ವಿಶ್ವೇಶ್ವರಯ್ಯ ನಾಲೆಯ ಬಾಲದಲ್ಲಿ. ಮೊದಲು ಅದಕ್ಕೆ ವೈಸರಾಯ್ ಹೆಸರಿತ್ತು, ಇರ್ವಿನ್ ನಾಲೆ ಅಂತ. ಬಾಲ ಅಂದೆನಲ್ಲ, ಮೇಲಿನವರ ಗದ್ದೆ ಕುಡಿದು ಮಿಕ್ಕಿದ್ದು ನಮಗೆ.

ಆ ವರ್ಷ ಅಪ್ಪ ನಾಟಿ ಹಾಕಿದರು. ಒಂದೂಕಾಲು ಎಕರೆ. ಮಳೆ ಕೈಕೊಟ್ಟಿತ್ತು, ಕಟ್ಟೆ ತುಂಬಿರಲಿಲ್ಲ. ಸೆಪ್ಟೆಂಬರ್ 23ಕ್ಕೆ ಮಂಡ್ಯ ಬಂದ್, 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್. ನನಗೆ ವರ್ಕ್ ಫ್ರಮ್ ಹೋಮ್ ಸಿಕ್ಕಿತು. ಊರಲ್ಲಿ ತೆನೆ ಬರೋ ಹೊತ್ತಿಗೆ ನಾಲೆಯಲ್ಲಿ ನೀರಿರಲಿಲ್ಲ. ಉಳುಮೆ, ನಾಟಿ ಕೂಲಿ, ಗೊಬ್ಬರ ಎಲ್ಲ ಸೇರಿ ಮೂವತ್ತು ಸಾವಿರದ ಮೇಲೆ ಹೋಯಿತು. ನನ್ನ ಕಾರಿನ ಎರಡು ಕಂತು. ‘ನಾನು ಕೊಡ್ತೀನಿ ಬಿಡಪ್ಪ’ ಅಂದೆ. ಅಪ್ಪ ಮಾತಾಡಲಿಲ್ಲ. ಒಣಗಿದ ಪೈರು ದನಕ್ಕೆ ಹಾಕಿದರು.

ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಅಮ್ಮ ಒಲೆ ಮುಂದೆ ಕೂತು ಸುಮ್ಮನೆ ಮಾತಿಗೆ ಅಂದದ್ದು: ‘ಕಟ್ಟೇಲಿ ನೀರೆಷ್ಟದೆ ಅಂತ ಕಣ್ಣಲ್ಲಿ ನೋಡ್ಕ ಬತ್ತೀನಿ, ಆಮ್ಯಾಕೆ ನಾಟಿ ಮಾತು ಅಂದಿದ್ರು ಕಣಪ್ಪ. ನೀನೇ ಕರ್ಕಂಡೋಗಿದ್ದಲ್ಲ, ನಿಂಗೆ ಯೋಳ್ನಿಲ್ವಾ?’

ಹೇಳಿದ್ದರು. ನಾನು ‘ನೀರು ನೀರೇ ತಾನೇ’ ಅಂದಿದ್ದೆ.

ಆಫೀಸಿನಲ್ಲಿ ನನ್ನ ಕೆಲಸವೇ ಬೇರೆಯವರಿಗೆ ಏನು ಬೇಕು ಅಂತ ಕೇಳಿ ತಿಳಿದುಕೊಂಡು ಮಾಡಿಕೊಡೋದು. ರಿಕ್ವೈರ್‌ಮೆಂಟ್ ಕೇಳದೆ ಡೆಲಿವರಿ ಮಾಡಿದರೆ ಏನಾಗುತ್ತೆ ಅಂತ ಹೊಸ ಹುಡುಗರಿಗೆ ಪಾಠ ಮಾಡುತ್ತೇನೆ. ಅಪ್ಪನ ವಿಷಯದಲ್ಲಿ ನಾನೇ ಅದನ್ನ ಮಾಡಿದೆ. ಅಪ್ಪನಿಗೆ ಟ್ರಿಪ್ಪು ‘ಕೊಡುತ್ತಿದ್ದೇನೆ’ ಅಂದುಕೊಂಡಿದ್ದೆ. ಅವರು ಕೆಲಸದ ಮೇಲೆ ಬಂದಿದ್ದರು.

ಆದರೆ ಪೇಪರ್‌ನಲ್ಲಿ ಅಡಿ ಲೆಕ್ಕ ಬರುತ್ತಲ್ಲ, ಕಣ್ಣಲ್ಲಿ ಯಾಕೆ ನೋಡಬೇಕು? ಇದನ್ನ ನಾನು ಅಪ್ಪನನ್ನೇ ಕೇಳಿದೆ. ‘ಅಡಿ ಪೇಪರ್ನೋರಿಗೆ ಕಣ್ಲಾ. ನೀರಿನ ಅಂಚು ಎಲ್ಲಿಗದೆ ಅಂತ ನೋಡಿದ್ರೆ ಗೊತ್ತಾಯ್ತದೆ’ ಅಂದರು. ಮೊದಲಿಗೆ ಹಳೇ ಕಾಲದವರ ಮಾತು ಅನ್ನಿಸಿತು. ಆಮೇಲೆ ಲೆಕ್ಕ ಹಾಕಿದೆ. ಜಲಾಶಯ ಬಕೆಟ್ ಅಲ್ಲ, ಬಾಣಲೆ. ಮೇಲೆ ಮೇಲೆ ಹೋದ ಹಾಗೆ ಅಗಲ. ಹಾಗಾಗಿ ಮೇಲಿನ ಒಂದು ಅಡಿಯಲ್ಲಿರೋ ನೀರು ಕೆಳಗಿನ ಒಂದು ಅಡಿಯಲ್ಲಿ ಇರುವುದಿಲ್ಲ. 124.80ಕ್ಕೆ 100 ಅಡಿ ಇದೆ ಅಂದರೆ ನನ್ನಂಥವನು ‘ಎಂಬತ್ತು ಪರ್ಸೆಂಟ್, ಪರವಾಗಿಲ್ಲ’ ಅಂದುಕೊಳ್ಳುತ್ತಾನೆ. ನಿಜವಾಗಿ ಇರೋದು ಅರ್ಧಕ್ಕಿಂತ ಕಡಿಮೆ. ದಂಡೆಯಲ್ಲಿ ನಿಂತು ನೋಡಿದವನಿಗೆ ಅಂಚು ಎಷ್ಟು ದೂರ ಹಿಂದೆ ಸರಿದಿದೆ ಅಂತ ಕಾಣುತ್ತೆ. ಅಪ್ಪ ಕಣ್ಣಲ್ಲಿ ನೋಡಬೇಕು ಅಂದದ್ದು ಭಾವುಕತೆ ಆಗಿರಲಿಲ್ಲ. ಡೇಟಾ ಕೇಳಿದ್ದರು.

ಅವತ್ತಿನಿಂದ ಈ ವಸೂಲಿ ಅನ್ನೋ ಪದ ನನ್ನನ್ನ ಕಾಡೋಕೆ ಶುರುವಾಯ್ತು. ವಸೂಲಿ ಸಾಲ ಕೊಟ್ಟವನ ಪದ. ಸಾಲ ತಗೊಂಡವನು ವಸೂಲಿ ಮಾಡುವುದಿಲ್ಲ, ತೀರಿಸುತ್ತಾನೆ. ನಾವು ಒಂದು ಜಾಗಕ್ಕೆ ಹೋಗುವಾಗ ಪೆಟ್ರೋಲಿಗೆ, ಟೋಲಿಗೆ, ಟಿಕೆಟಿಗೆ ಕೊಟ್ಟ ದುಡ್ಡನ್ನ ಆ ಜಾಗಕ್ಕೇ ಸಾಲ ಕೊಟ್ಟವರಂತೆ ಹೋಗುತ್ತೇವೆ. ಹೊಳೆ ನಮಗೆ ನೋಟ ಕೊಡಬೇಕು, ಹಕ್ಕಿ ಹತ್ತಿರ ಬರಬೇಕು, ಮೋಡ ಸರಿಯಬೇಕು. ಕೊಡದಿದ್ದರೆ ಒಂದು ಸ್ಟಾರ್. ಒಂದು ಸಲ ಆಫೀಸಿನ ಕೆಲಸಕ್ಕೆ ಮುಂಬೈಗೆ ಹೋದಾಗ ಗೇಟ್‌ವೇ ಆಫ್ ಇಂಡಿಯಾ ಹತ್ತಿರ ಅರ್ಧ ಗಂಟೆ ನಿಂತಿದ್ದೆ. ಅಲ್ಲಿ ಹೆಚ್ಚುಕಡಿಮೆ ಎಲ್ಲರೂ ಸಮುದ್ರಕ್ಕೆ ಬೆನ್ನು ಹಾಕಿ ಫೋನಿಗೆ ಮುಖ ಮಾಡಿದ್ದರು. ನಾನೂ.

ಹಾಗಾದರೆ ಕೆಆರ್‌ಎಸ್‌ಗೂ ನನಗೂ ನಡುವೆ ಸಾಲಗಾರ ಯಾರು? ಮೂಡಲಪಾಳ್ಯದಲ್ಲಿ ನಮ್ಮ ಮನೆಗೆ ದಿನ ಬಿಟ್ಟು ದಿನ ಕಾವೇರಿ ನೀರು ಬರುತ್ತೆ. ‘ಕಾವೇರಿ ಬಂತಾ?’ ಅಂತ ಕೆಳಗಿನ ಮನೆಯವರನ್ನ ಕೇಳೋದು, ನೆಂಟರು ಬಂದರಾ ಅಂತ ಕೇಳಿದ ಹಾಗೆ. ಅದು ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಹತ್ತಿರ ಪೈಪಿನಲ್ಲಿ, ಪಂಪು ಮೇಲೆ ಪಂಪು ಹತ್ತಿಸಿಕೊಂಡು ಬರೋ ನೀರು. ಬೇಸಿಗೆಯಲ್ಲಿ ಹೊಳೆಗೆ ಮೇಲಿಂದ ಕಟ್ಟೆ ಬಿಟ್ಟರೆ ಉಂಟು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕಾವೇರಿ ತೀರ್ಪು ಕೊಟ್ಟಾಗ ಬೆಂಗಳೂರಿನ ಕುಡಿಯೋ ನೀರಿಗೆ ಅಂತ 4.75 ಟಿಎಂಸಿ ಹೆಚ್ಚಿಗೆ ಸಿಕ್ಕಿತು. ಆಫೀಸಿನಲ್ಲಿ ಖುಷಿಯಾಗಿ ಚಪ್ಪಾಳೆ ಹೊಡೆದಿದ್ದೆವು. ಅಂದರೆ ಒಂದೇ ಕಟ್ಟೆಯ ಎರಡು ಬಾಲದಲ್ಲಿ ನಾವು ಅಪ್ಪ-ಮಗ ಇದ್ದೇವೆ. ಅವರದು ನಾಲೆಯ ಬಾಲ, ನನ್ನದು ಪೈಪಿನ ಬಾಲ. ನೀರು ಕಡಿಮೆಯಾದಾಗ ಮೊದಲು ಒಣಗೋದು ಅವರ ಬಾಲ.

ಇದರಲ್ಲಿ ಅನ್ಯಾಯ ಇದೆ ಅಂತ ನಾನು ಹೇಳುತ್ತಿಲ್ಲ. ಕುಡಿಯೋ ನೀರು ಮೊದಲು, ಬೆಳೆ ಆಮೇಲೆ. ಅಪ್ಪನೇ ಇದನ್ನ ಒಪ್ಪುತ್ತಾರೆ. ‘ಬಾಯಾರಿದೋರಿಗೆ ಇಲ್ಲ ಅನ್ನಕಾಯ್ತದಾ’ ಅನ್ನುತ್ತಾರೆ. ಕಷ್ಟ ಏನು ಅಂದರೆ ಪೈಪಿನಲ್ಲಿ ಬಂದದ್ದನ್ನೆಲ್ಲ ನಾನು ಕುಡಿಯುವುದಿಲ್ಲ. ಕಾರು ತೊಳೆಯುತ್ತಿದ್ದೆ. 2024ರ ಮಾರ್ಚ್‌ನಲ್ಲಿ ಕುಡಿಯೋ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ ಮೇಲೆ ಬಿಟ್ಟೆ. ಅಪ್ಪನ ಗದ್ದೆ ಒಣಗಿದಾಗ ಬಿಡದೇ ಇದ್ದದ್ದು ದಂಡ ಅಂದಾಗ ಬಿಟ್ಟೆ. ಬರೆಯೋಕೆ ನಾಚಿಕೆಯಾಗುತ್ತೆ.

ಇದನ್ನೆಲ್ಲ ಒಂದು ರಾತ್ರಿ ಹೆಂಡತಿಯ ಹತ್ತಿರ ಹೇಳಿದೆ. ಅವಳು ಶಿವಮೊಗ್ಗದವಳು, ಮಳೆ ನೋಡಿ ಬೆಳೆದವಳು. ‘ಹೋದ ಕಡೆಯೆಲ್ಲ ಹಿಂಗೆ ಲೆಕ್ಕ ಹಾಕ್ತಾ ಕೂತ್ರೆ ಯಾರೂ ಮನೆಯಿಂದ ಹೊರಗೇ ಬರಲ್ಲ. ಜೋಗಕ್ಕೆ ಹೋದ್ರೆ ಕರೆಂಟು ನೆನಪಾಗಬೇಕು, ಬೀಚಿಗೆ ಹೋದ್ರೆ ಮೀನುಗಾರರು ನೆನಪಾಗಬೇಕು. ಮಗು ಐಸ್‌ಕ್ರೀಮ್ ಯಾವಾಗ ತಿನ್ನಬೇಕು?’

ಇದು ಸುಮ್ಮನೆ ತಳ್ಳಿಹಾಕೋ ಮಾತಲ್ಲ. ಕಣ್ಣೀರು ಹಾಕಿಕೊಂಡು ನೋಡಿದರೆ ಹೆಚ್ಚು ನೋಡಿದ ಹಾಗೆ ಅಂತೇನೂ ಇಲ್ಲ. ತಪ್ಪಿತಸ್ಥನ ಮುಖ ಹಾಕಿಕೊಂಡು ಪ್ರವಾಸ ಮಾಡೋದು ಕೂಡ ಒಂಥರ ವಸೂಲಿನೇ. ಬೇರೆಯವರು ಫೋಟೋ ತಗೊಂಡು ಬಂದರು, ನಾನು ‘ಅರಿವು’ ತಗೊಂಡು ಬಂದೆ ಅಂತ ಮೆರೆಯಬಹುದು. ಮತ್ತೆ, ಕಾರಂಜಿ ಅಂದರೆ ಅಗ್ಗದ್ದು ಅಂತ ಹೇಳೋಕೆ ನಾನ್ಯಾರು? ದಿವಾನ್ ಮಿರ್ಜಾ ಇಸ್ಮಾಯಿಲ್ ಅವರು ಕಟ್ಟೆಯ ಬುಡದಲ್ಲಿ ಆ ತೋಟ ಮಾಡಿಸಿದಾಗ, ಲಾಲ್‌ಬಾಗ್‌ನ ಕ್ರುಂಬಿಗಲ್ ಕೈಯಲ್ಲಿ ಅದನ್ನ ರೂಪಿಸಿದಾಗ, ನೀರು ಕೆಲಸಕ್ಕೆ ಮಾತ್ರ ಅಲ್ಲ, ಕಣ್ಣಿಗೂ ಬೇಕು ಅಂತ ಯೋಚಿಸಿರಬೇಕು. ನಮ್ಮ ಅಜ್ಜಿ ಬದುಕಿನಲ್ಲಿ ಬಣ್ಣದ ಲೈಟು ಮೊದಲು ನೋಡಿದ್ದು ಅಲ್ಲೇ. ಊರಿಗೆ ಕರೆಂಟು ಬರೋದಕ್ಕೆ ಮುಂಚೆ. ಸಾಯೋವರೆಗೂ ಹೇಳುತ್ತಿದ್ದಳು. ಇವತ್ತಿಗೂ ಮಿನಿ ಬಸ್ ಮಾಡಿಕೊಂಡು, ಪುಳಿಯೋಗರೆ ಡಬ್ಬಿ ಕಟ್ಟಿಕೊಂಡು ಬರೋ ಸ್ತ್ರೀಶಕ್ತಿ ಸಂಘದ ಹೆಂಗಸರನ್ನ ಅಲ್ಲಿ ನೋಡಬೇಕು ನೀವು. ಕಾರಂಜಿ ಮೇಲೆ ಹೋದಾಗ ಅವರು ಹಾಕೋ ಕೂಗು! ವಸೂಲಿ ಅಂದರೆ ಅದು.

ಹಾಗಾಗಿ ತಪ್ಪು ಕಾರಂಜಿ ನೋಡಿದ್ದರಲ್ಲಿ ಇರಲಿಲ್ಲ. ಎಕ್ಸೆಲ್ ಶೀಟಿನಲ್ಲೂ ಇರಲಿಲ್ಲ ಅನ್ನಿಸುತ್ತೆ. ಶೀಟು ಬರೆಯುವಾಗ ಪಕ್ಕದ ರೂಮಿನಲ್ಲೇ ಇದ್ದ ಮನುಷ್ಯನನ್ನ ‘ಅಲ್ಲಿ ನಿನಗೆ ಏನು ನೋಡಬೇಕು?’ ಅಂತ ಕೇಳಲಿಲ್ಲ. ಇದು ಎಷ್ಟು ಚಿಕ್ಕ ಪ್ರಶ್ನೆ ಅಂದರೆ ಇದನ್ನ ನೈತಿಕ ಪ್ರಶ್ನೆ ಅಂತ ಕರೆಯೋಕೂ ಮುಜುಗರ. ಆದರೆ ನಾವು ಕೇಳದೇ ಬಿಡೋ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಇದೇ ಸೈಜಿನವು. ಅಪ್ಪ-ಅಮ್ಮನನ್ನ ಕಾಶಿಗೆ ಕಳಿಸುತ್ತೇವೆ, ಫ್ಲೈಟ್ ಹತ್ತಿಸುತ್ತೇವೆ, ಸ್ಟೇಟಸ್ ಹಾಕುತ್ತೇವೆ. ಅವರು ಏನು ನೋಡೋಕೆ ಹೊರಟರು ಅಂತ ಗೊತ್ತಿರುವುದಿಲ್ಲ.

ಅವತ್ತು ನಾನು ಹಿನ್ನೀರಿಗೆ ಕರೆದುಕೊಂಡು ಹೋಗಿದ್ದರೆ ಅಪ್ಪ ನಾಟಿ ಹಾಕುತ್ತಿರಲಿಲ್ಲವಾ? ಇದನ್ನೂ ಕೇಳಿದೆ. ಇಲ್ಲ ಅಂದಿದ್ದರೆ ನನಗೆ ಶಿಕ್ಷೆ, ಹೌದು ಅಂದಿದ್ದರೆ ಬಿಡುಗಡೆ. ಅವರು ಎರಡೂ ಕೊಡಲಿಲ್ಲ. ‘ನೋಡಿದ್ರೂ ಹಾಕ್ತಿದ್ನೋ ಏನೋ. ಒಟ್ಲು ಹಾಕಿದ್ದಾಗಿತ್ತಲ್ಲ. ಬೆಳೆದ್ ಸಸಿ ಕಣ್ಮುಂದೆ ಇಟ್ಕಂಡು ಎಂಗೆ ಸುಮ್ಕಿರದು?’ ಅಂದರು. ಕೊಟ್ಟದ್ದು ವಸೂಲಾಗಬೇಕು ಅನ್ನೋ ಬುದ್ಧಿ ನನಗೆ ಎಲ್ಲಿಂದ ಬಂತು ಅಂತ ಅವತ್ತು ಗೊತ್ತಾಯ್ತು. ಆದರೂ ಎರಡಕ್ಕೂ ವ್ಯತ್ಯಾಸ ಇದೆ. ಅವರು ಉಳಿಸಿಕೊಳ್ಳೋಕೆ ನೋಡಿದ್ದು ಬೆಳೆದ ಸಸಿ, ನಾನು ನೋಡಿದ್ದು ಕೂರೋ ಜಾಗ.

2024ರ ಜುಲೈನಲ್ಲಿ ಕಟ್ಟೆ ತುಂಬಿತು. ಪೇಪರ್‌ನಲ್ಲಿ ಬಾಗಿನದ ಫೋಟೋ ಬಂತು. ಆಗಸ್ಟ್‌ನ ಒಂದು ಭಾನುವಾರ ಊರಿಗೆ ಹೋಗಿ ಅಪ್ಪನ ಜೊತೆ ಅಮ್ಮನನ್ನೂ ಹೊರಡಿಸಿದೆ. ದನಕ್ಕೆ ಚಿಕ್ಕಪ್ಪನ ಮಗನನ್ನ ಗೊತ್ತು ಮಾಡಿದ್ದೆ. ಈ ಸಲ ಶೀಟಿರಲಿಲ್ಲ. ಸೀದಾ ಹೊಸ ಕನ್ನಂಬಾಡಿ.

ವೇಣುಗೋಪಾಲಸ್ವಾಮಿ ದೇವಸ್ಥಾನ ಹೊಯ್ಸಳರ ಕಾಲದ್ದು. ಕಟ್ಟೆ ಕಟ್ಟಿದಾಗ ಮುಳುಗಿ, ಬರಗಾಲದಲ್ಲಿ ಮಾತ್ರ ಮೇಲೆ ಕಾಣುತ್ತಿತ್ತು. ಖೋಡೆ ಪ್ರತಿಷ್ಠಾನದವರು ಅದನ್ನ ಕಲ್ಲು ಕಲ್ಲು ಬಿಚ್ಚಿಸಿ ಎತ್ತರದ ದಂಡೆಯಲ್ಲಿ ಮತ್ತೆ ಕಟ್ಟಿಸಿದರು. ದೇವರಿಗೆ ಪುನರ್ವಸತಿ ಆಗೋಕೂ ಎಷ್ಟು ವರ್ಷ ಹಿಡಿಯಿತು ನೋಡಿ. ಕಟ್ಟೆ ತುಂಬಿದಾಗ ನೀರು ದೇವಸ್ಥಾನದ ಗೋಡೆಯ ಹತ್ತಿರಕ್ಕೇ ಬಂದಿರುತ್ತೆ. ಅವತ್ತೂ ಬಂದಿತ್ತು. ಗಾಳಿಗೆ ಅಲೆ ಎದ್ದು ಸಮುದ್ರದ ಹಾಗೆ ಕಾಣುತ್ತಿತ್ತು. ಆಚೆ ದಡ ಸರಿಯಾಗಿ ಕಾಣುತ್ತಿರಲಿಲ್ಲ.

ಅಪ್ಪ ಚಪ್ಪಲಿ ಬಿಟ್ಟು ನೀರಿನ ಅಂಚಿನವರೆಗೆ ಹೋದರು. ಅಮ್ಮ ಕೈ ಮುಗಿದಳು, ಅಪ್ಪ ಮುಗಿಯಲಿಲ್ಲ. ಕಣ್ಣಿಗೆ ಕೈ ಅಡ್ಡ ಹಿಡಿದು ಎಡದಿಂದ ಬಲಕ್ಕೆ ನಿಧಾನವಾಗಿ ನೋಡಿದರು, ಗದ್ದೆ ಅಳೆಯೋರ ಹಾಗೆ. ಮಗಳು ಕಲ್ಲು ಎಸೆಯುತ್ತಿದ್ದಳು. ನಾನು ಸ್ವಲ್ಪ ಹಿಂದೆ ನಿಂತು, ಈಗ ಏನಾದರೂ ದೊಡ್ಡ ಮಾತು ಬರುತ್ತೆ ಅಂತ ಕಾಯುತ್ತಿದ್ದೆ. ನಿಜ ಹೇಳಬೇಕು ಅಂದರೆ ಫೋನ್ ಕೈಯಲ್ಲೇ ಇತ್ತು. ಕಾಲು ಗಂಟೆ ಆಗಿರಬಹುದು.

‘ಈ ಸಲ ಎರಡು ಬೆಳೆಗೂ ಆಯ್ತದೆ’ ಅಂದರು. ಬಂದು ಚಪ್ಪಲಿ ಹಾಕಿಕೊಂಡರು.

‘ಇನ್ನೂ ಸ್ವಲ್ಪ ಹೊತ್ತು ಇರೋಣ ಅಪ್ಪ. ಅವಸರ ಏನಿಲ್ಲ.’

‘ನೋಡಿದ್ದಾಯ್ತಲ್ಲ, ಇನ್ನೇನು? ನಡಿ, ನಿಮ್ಮವ್ವ ಉಣ್ಣದು ಯಾವಾಗ?’

ಕಾರು ತಿರುಗಿಸುವಾಗ ಹಿಂದಿನ ಸೀಟಿನಿಂದ ಮೆಲ್ಲಗೆ ಕೇಳಿದರು:

‘ಆ ಕಾರಂಜಿ ಇವತ್ತೂ ಬುಡ್ತಾರಾ? ನಿಮ್ಮವ್ವ ನೋಡ್ನಿಲ್ಲ.’

ಮೊದಲ ಸಾಲಿನಲ್ಲಿ ಜಾಗ ಸಿಗಲಿಲ್ಲ. ಹಿಂದೆ ನಿಂತುಕೊಂಡೇ ನೋಡಿದೆವು. ನೀರು ಮೇಲಕ್ಕೆ ಚಿಮ್ಮಿದಾಗ ಅಮ್ಮ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ಅಪ್ಪ ಮೊಮ್ಮಗಳನ್ನ ಹೆಗಲ ಮೇಲೆ ಕೂರಿಸಿಕೊಂಡು, ಕತ್ತಲಲ್ಲಿ ಕಾಣದ ಕಟ್ಟೆಯ ಕಡೆಗೆ ಬೆರಳು ಮಾಡಿ, ಅದರ ಹಿಂದೆ ಎಷ್ಟು ನೀರಿದೆ ಅಂತ ಅವಳಿಗೆ ಹೇಳುತ್ತಿದ್ದರು. ಅವಳು ಹಾಡಿಗೆ ಕುಣಿಯುತ್ತಿದ್ದಳು.